ಮಾತು ನಿಂತವರ ಮನಸ್ಸು ಓದಲು ಹೋದದ್ದು

ಆ ಹೆಂಗಸು ನನ್ನೆದುರು ಕೂತು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯನ್ನೇ. “ಅವರ ಮನಸ್ಸಲ್ಲಿ ನನ್ನ ಬಗ್ಗೆ ಏನಿದೆ, ಹೇಳ್ತೀರಾ ಅಕ್ಕ?”

ವಿಜಯನಗರದಲ್ಲಿ ಒಂದು ಫ್ಯಾನ್ಸಿ ಸ್ಟೋರಿನ ಮಹಡಿಯ ಮೇಲೆ ನನ್ನ ಕೋಣೆ. ಅಲ್ಲಿಗೆ ಟ್ಯಾರೋ ಕಾರ್ಡಿನ ಭವಿಷ್ಯ ಕೇಳಲು ಮೆಟ್ಟಿಲು ಹತ್ತಿ ಬರುವವರಲ್ಲಿ ಬಹುಪಾಲು ಜನಕ್ಕೆ ಬೇಕಾದದ್ದು ಅದೊಂದೇ. ‘ಅವರು’ ಎಂದರೆ ಸಾಮಾನ್ಯವಾಗಿ ಗಂಡ, ಇಲ್ಲವೇ ಗಂಡನಾಗಬೇಕಾದವನು, ಇಲ್ಲವೇ ಆಗಬಾರದವನು. ಹಾಗಾಗಿ ನಾನು ಕಾರ್ಡು ಕಲೆಸುತ್ತಲೇ ಫೋಟೋ ಕೇಳಿದೆ. ಅವಳು ಮೊಬೈಲಿನಲ್ಲಿ ತೋರಿಸಿದ್ದು ಬಿಳಿ ಪಂಚೆ ಉಟ್ಟು ಸ್ಕೂಟರಿಗೆ ಒರಗಿ ನಿಂತ, ಎಪ್ಪತ್ತು ದಾಟಿದ ಹಿರಿಯರನ್ನು.

“ನಮ್ಮಪ್ಪ,” ಎಂದಳು.

ಆರು ವರ್ಷದ ಹಿಂದೆ ಅವಳು ತಾನೇ ಮೆಚ್ಚಿದವನನ್ನು ಮದುವೆಯಾಗಿ ದೀಪಾಂಜಲಿ ನಗರದಲ್ಲಿ ಮನೆ ಮಾಡಿದ್ದಳು. ಅಪ್ಪ ಹೇರೋಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟರು. ಮೂರು ತಿಂಗಳ ಹಿಂದೆ ಅವರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಅಣ್ಣ ಫೋನ್ ಮಾಡಿ ‘ಬಾ’ ಎಂದ ಮೇಲೆ ದಿನಾ ಮಧ್ಯಾಹ್ನ ಬಸ್ಸು ಬದಲಿಸಿಕೊಂಡು ಹೋಗಿ ಅಪ್ಪನಿಗೆ ಗಂಜಿ ಕುಡಿಸಿ ಬರುತ್ತಿದ್ದಳು.

“ಆರು ವರ್ಷ ನನ್ನ ಹತ್ರ ಮಾತಾಡ್ಲಿಲ್ಲ ಅಕ್ಕ. ಈಗ ಆಡ್ಬೇಕು ಅನ್ಸಿದ್ರೂ ಮಾತೇ ಇಲ್ಲ. ಆಸ್ಪತ್ರೆಲಿ ಹೇಳಿಕೊಟ್ಟಿದ್ರು, ಮಲಗಿಸ್ಕೊಂಡು ತಿನ್ನಿಸ್ಬೇಡಿ, ನೆತ್ತಿಗೆ ಹತ್ತುತ್ತೆ ಅಂತ. ಅದಕ್ಕೆ ನಾನು ದಿಂಬು ಕೊಟ್ಟು ಎಬ್ಬಿಸಿ ಕೂರಿಸ್ತೀನಿ. ಕೂರಿಸಿದ ತಕ್ಷಣ ಕೂಗ್ತಾರೆ. ಮುಖ ಆ ಕಡೆ ತಿರುಗಿಸ್ಕೊಂಡುಬಿಡ್ತಾರೆ. ಅಣ್ಣ ಕೊಟ್ರೆ ಕೂಗಲ್ಲ, ಅಟೆಂಡರ್ ಕೊಟ್ರೆ ಕೂಗಲ್ಲ. ನಾನು ಮಾತ್ರ ಆಗಲ್ಲ ಅವರಿಗೆ. ಈಗ ಮೂರು ದಿನದಿಂದ ಯಾರು ಕೊಟ್ರೂ ಸರಿಯಾಗಿ ಬಾಯಿ ಬಿಡ್ತಿಲ್ಲ.”

ಇಲ್ಲೇ ನಾನು ಎಚ್ಚರವಾಗಬೇಕಿತ್ತು. ಕಾಯಿಲೆಯ ಪ್ರಶ್ನೆ ತೆಗೆದುಕೊಳ್ಳುವುದಿಲ್ಲ ಎಂದು ಕೋಣೆಯ ಬಾಗಿಲಲ್ಲೇ ಬರೆದು ಅಂಟಿಸಿದ್ದೇನೆ. ಧರ್ಮಕ್ಕಾಗಿ ಅಲ್ಲ, ಭಯಕ್ಕಾಗಿ. ಕಾರ್ಡು ಓದುವವಳಿಗೆ ಎದೆಗಾರಿಕೆ ಜಾಸ್ತಿ ಎಂದು ಜನ ಅಂದುಕೊಳ್ಳುತ್ತಾರೆ. ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಬಿದ್ದರೆ ಪಂಚಾಂಗ ನೋಡುವವಳು. ಆದರೆ ಇವಳು ಕೇಳಿದ್ದು ಕಾಯಿಲೆಯನ್ನಲ್ಲ, ಮನಸ್ಸನ್ನು. ಮನಸ್ಸಿನ ಪ್ರಶ್ನೆ ನನ್ನ ಅನ್ನ. ಹಾಗಾಗಿ ಬಾಗಿಲ ಮೇಲಿನ ಚೀಟಿಯನ್ನು ದಾಟಿಕೊಂಡು ಈ ಪ್ರಶ್ನೆ ಒಳಗೆ ಬಂದುಬಿಟ್ಟಿತು.

ಮನಸ್ಸಿನ ಪ್ರಶ್ನೆಗೆ ನಾನು ಮೂರು ಕಾರ್ಡು ಇಡುತ್ತೇನೆ. ಕೇಳುವವರು ಎಡಗೈಯಿಂದ ಕಟ್ಟನ್ನು ಎರಡು ಭಾಗ ಮಾಡಬೇಕು. ಕೆಳಗಿನ ಭಾಗವನ್ನು ಮೇಲಿಟ್ಟು ಎಡದಿಂದ ಬಲಕ್ಕೆ ತೆಗೆಯುವುದು. ಮೊದಲನೆಯದು ಆ ವ್ಯಕ್ತಿ ಹೊರಗೆ ತೋರಿಸುವ ಮುಖ, ಎರಡನೆಯದು ಒಳಗಿರುವುದು, ಮೂರನೆಯದು ಅವರಿಗೆ ಬೇಕಾಗಿರುವುದು. ಮೊದಲು ಚಕ್ರವರ್ತಿ ಬಂದ. ಕಲ್ಲಿನ ಪೀಠದ ಮೇಲೆ ಗಡ್ಡ ಬಿಟ್ಟು ಬಿಗಿದುಕೊಂಡು ಕೂತವನು. “ನಮ್ಮಪ್ಪನೇ,” ಎಂದು ಅಳುವಿನ ನಡುವೆ ನಕ್ಕಳು. ಎರಡನೆಯದು ಬಟ್ಟಲು ಐದು. ಚೆಲ್ಲಿಹೋದ ಬಟ್ಟಲುಗಳನ್ನು ನೋಡುತ್ತಾ ಕರಿ ನಿಲುವಂಗಿಯಲ್ಲಿ ನಿಂತ ಮನುಷ್ಯ. ದುಃಖ, ಪಶ್ಚಾತ್ತಾಪ. ಮೂರನೆಯದು ಕತ್ತಿ ನಾಲ್ಕು. ಸಮಾಧಿಯ ಮೇಲೆ ಕೈಮುಗಿದು ಅಂಗಾತ ಮಲಗಿರುವ ಯೋಧ, ಗೋಡೆಯಲ್ಲಿ ಮೂರು ಕತ್ತಿ, ಅವನ ಕೆಳಗೆ ಒಂದು.

ಕತ್ತಿ ನಾಲ್ಕಕ್ಕೆ ಪುಸ್ತಕದ ಅರ್ಥ ವಿಶ್ರಾಂತಿ. ನಾನು ಹೇಳಿದ್ದು ಅಷ್ಟನ್ನೇ ಅಲ್ಲ. “ನಿಮ್ಮ ಮೇಲೆ ಅವರಿಗೆ ಸಿಟ್ಟಿಲ್ಲ. ಅವರು ದಣಿದಿದ್ದಾರೆ. ಶಾಂತಿ ಬೇಕಾಗಿದೆ ಅವರಿಗೆ. ನನ್ನನ್ನು ನನ್ನ ಪಾಡಿಗೆ ಬಿಟ್ಟುಬಿಡಿ ಅಂತಿದ್ದಾರೆ,” ಎಂದೆ. ‘ಬಿಟ್ಟುಬಿಡಿ’ ಎನ್ನುವುದು ಕಾರ್ಡಿನಲ್ಲಿ ಇರಲಿಲ್ಲ. ಎದುರಿಗಿರುವವರು ಅತ್ತಾಗ ಕಾರ್ಡಿಗಿಂತ ಮೊದಲು ನನ್ನ ಬಾಯಿಗೆ ವಾಕ್ಯ ಬಂದುಬಿಡುತ್ತದೆ. ಅವಳ ಎದೆಯ ಭಾರ ಇಳಿಯಲಿ ಎಂದು ಸೇರಿಸಿದ ಮಾತು ಅದು. ನಿಜಕ್ಕೂ ಇಳಿಯಿತು. ಕಣ್ಣೊರೆಸಿಕೊಂಡು ಕೈಮುಗಿದು ಹೋದಳು. ನಾನು ಮಧ್ಯಾಹ್ನದ ಊಟಕ್ಕೆ ಡಬ್ಬಿ ಬಿಚ್ಚಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಸೋಸುತ್ತಿರುವಾಗ ಅವಳ ಮೆಸೇಜು ಬಂತು. “ಅಕ್ಕ, ಅಪ್ಪ ಪೂರ್ತಿ ಊಟ ಬಿಟ್ಟಿದ್ದಾರೆ. ಟ್ಯೂಬ್ ಹಾಕಿಸ್ಬೇಕು, ಅಡ್ಮಿಟ್ ಮಾಡಿ ಅಂತ ಡಾಕ್ಟರ್ ಫೋನಲ್ಲಿ ಹೇಳಿದ್ರು. ಅಣ್ಣ ಬೇಡ ಅಂತಿದ್ದಾನೆ. ಅವರಿಗೇ ಬೇಡ, ಶಾಂತಿಯಿಂದ ಹೋಗ್ಲಿ ಅಂತ. ನಿಮ್ಮ ಕಾರ್ಡಲ್ಲೂ ಹಂಗೇ ಬಂತಲ್ಲ, ನಾನೇ ಅಣ್ಣಂಗೆ ಹೇಳ್ದೆ. ನಾವೆಲ್ಲಾ ಒಪ್ಪಿಕೊಂಡಿದ್ದೀವಿ.” ಕೊನೆಗೆ ಕೈಮುಗಿದ ಎರಡು ಚಿತ್ರ.

ಕಾಫಿ ಸೋಸುವುದು ಅಲ್ಲೇ ನಿಂತಿತು. ಮೆಸೇಜನ್ನು ಮೂರು ಸಲ ಓದಿದೆ. ಪ್ರತಿ ಸಲವೂ ‘ನಿಮ್ಮ ಕಾರ್ಡಲ್ಲೂ’ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದೆ. ಒಬ್ಬ ಮನುಷ್ಯ ಬದುಕಬೇಕೋ ಬೇಡವೋ ಎಂಬ ಮಾತಿಗೆ ಅವನ ಒಪ್ಪಿಗೆಯನ್ನು ನಾನು ಕೊಟ್ಟುಬಿಟ್ಟಿದ್ದೆ. ಅವರ ಮುಖವನ್ನೂ ನೋಡದೆ, ವಿಜಯನಗರದ ಮಹಡಿಯ ಮೇಲೆ ಕೂತು.

ಅವಳಿಗೆ ಫೋನ್ ಮಾಡಿದೆ. ಅಪ್ಪನಿಗೆ ನಿನ್ನೆಯಿಂದ ಮೈ ಬಿಸಿಯಿದೆ ಎಂದಳು. ಅಣ್ಣನಿಗೆ ಕೊಡು ಎಂದೆ. ದೊಡ್ಡ ಮಗ, ಐವತ್ತರ ಹತ್ತಿರದ ಗಂಡಸು. ದನಿಯಲ್ಲಿ ಒರಟುತನವಿರಲಿಲ್ಲ, ಬರೀ ಸುಸ್ತಿತ್ತು.

“ಸಾರ್, ಅವತ್ತು ನಾನು ಹೇಳಿದ್ದು ತಪ್ಪಿರಬಹುದು,” ಎಂದೆ. “ದಯವಿಟ್ಟು ಅದನ್ನು ನಂಬಿಕೊಂಡು ಏನೂ ತೀರ್ಮಾನ ಮಾಡಬೇಡಿ.”

“ಅದೆಂಗೆ ತಪ್ಪಾಯ್ತದೆ ಮೇಡಂ? ಕಾರ್ಡು ತಾನಾಗೇ ಬಂದಿದ್ದಲ್ವಾ? ನೀವೇನು ಆರಿಸಿ ತೆಗೆದಿದ್ದಾ?”

ಕಾರ್ಡು ತಾನಾಗೇ ಬರುತ್ತದೆ, ನನ್ನದೇನೂ ಇಲ್ಲ ಎಂಬುದು ನಾನು ಪ್ರತಿಯೊಬ್ಬರಿಗೂ ಮೊದಲೇ ಹೇಳುವ ಮಾತು. ತಪ್ಪಾದರೆ ತಲೆಯ ಮೇಲೆ ಬರದಿರಲಿ ಎಂದು ಕಟ್ಟಿಕೊಂಡ ಬೇಲಿ. ಈಗ ಆ ಬೇಲಿಯೊಳಗೆ ನಾನೇ ಸಿಕ್ಕಿಕೊಂಡಿದ್ದೆ.

“ನಾವೇನು ಕೈಬಿಟ್ಟಿಲ್ಲ ಮೇಡಂ,” ಎಂದರು ಅವರು. “ಮೂರು ತಿಂಗಳಿಂದ ನೋಡ್ಕೊಂಡಿದ್ದೀವಿ. ಮೂಗಲ್ಲಿ ಪೈಪು, ಕೈಯಲ್ಲಿ ಸೂಜಿ, ಎಷ್ಟು ಅಂತ ಹಿಂಸೆ ಕೊಡೋದು? ನಮ್ಮಪ್ಪನೇ ಬ್ಯಾಡ ಅಂತವ್ರೆ.”

ಫೋನ್ ಇಟ್ಟೆ. ಅವತ್ತು ಬರಬೇಕಿದ್ದ ಮೂವರು ಗಿರಾಕಿಗಳಿಗೂ ಬರಬೇಡಿ ಎಂದು ತಿಳಿಸಿದೆ. ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ನನ್ನ ಭಯದಲ್ಲಿ ಒಳ್ಳೆಯತನವೇ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವರು ತೀರಿಕೊಂಡರೆ ಎಂಬ ಭಯದ ಪಕ್ಕದಲ್ಲೇ, ನಾಳೆ ಯಾರಾದರೂ ‘ಆ ಕಾರ್ಡಿನವಳು ಹೇಳಿದಳು’ ಎಂದರೆ ಎಂಬ ಭಯವೂ ಕೂತಿತ್ತು. ಯಾವುದು ದೊಡ್ಡದು ಎಂದು ಅಳೆಯುವ ಧೈರ್ಯ ನನಗಿರಲಿಲ್ಲ. ಗಿರಾಕಿಗಳ ಮನೆಗೆ ಹೋಗುವುದಿಲ್ಲ ಎಂಬುದು ನನ್ನ ಇನ್ನೊಂದು ನಿಯಮ. ಮನೆಗೆ ಹೋದರೆ ಅವರ ಬದುಕಿನೊಳಗೆ ಕಾಲಿಟ್ಟ ಹಾಗೆ, ಮತ್ತೆ ಹೊರಗೆ ಬರುವುದು ಕಷ್ಟ. ಗಂಟೆ ಹನ್ನೊಂದಾಗುವ ಹೊತ್ತಿಗೆ ಆ ನಿಯಮ ಮುರಿಯುವುದೆಂದು ತೀರ್ಮಾನಿಸಿದೆ. ಅವರ ಮನಸ್ಸಿನಲ್ಲಿ ಏನಿದೆ ಎಂದು ಅವರನ್ನೇ ಕೇಳಬೇಕು. ಮಾತಿಲ್ಲದಿದ್ದರೆ ಎಡಗೈ ಇದೆ, ಕಣ್ಣಿದೆ. ನನ್ನ ಹತ್ತಿರ ಎಪ್ಪತ್ತೆಂಟು ಚಿತ್ರಗಳಿವೆ. ಬೇರೇನೂ ಗೊತ್ತಿರಲಿಲ್ಲ ನನಗೆ.

ಕಾರ್ಡು ಆರಿಸುವಾಗ ಹೆದರಿಸುವ ಚಿತ್ರಗಳನ್ನೆಲ್ಲ ಬೇರೆ ತೆಗೆದಿಟ್ಟೆ. ಸಾವು, ಸಿಡಿಲು ಬಡಿದ ಗೋಪುರ, ಕತ್ತಿಗಳು. ಹಾಸಿಗೆ ಹಿಡಿದವರ ಮುಂದೆ ಅವನ್ನು ಇಡುವುದುಂಟೇ? ಮೆಟ್ಟಿಲ ತನಕ ಹೋದವಳು ವಾಪಸ್ ಬಂದೆ. ಆ ಮನುಷ್ಯ ಹೆದರಿದ್ದರೆ ತೋರಿಸಲು ಅವರಿಗೊಂದು ಚಿತ್ರ ಬೇಡವೇ ಎನಿಸಿತು. ಎಲ್ಲವನ್ನೂ ಮತ್ತೆ ಚೀಲಕ್ಕೆ ಹಾಕಿಕೊಂಡೆ.

ಆಟೋ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಹೇರೋಹಳ್ಳಿಯೊಳಕ್ಕೆ ತಿರುಗಿದ ಸ್ವಲ್ಪ ಹೊತ್ತಿಗೆ ನಿಂತಿತು. ಪೈಪು ಹಾಕಲು ರಸ್ತೆ ಅಗೆದು ಮಣ್ಣನ್ನು ಮನೆಗಳ ಬಾಗಿಲ ತನಕ ರಾಶಿ ಹಾಕಿದ್ದರು. “ಇಲ್ಲಿಂದ ಆಗಲ್ಲ ಮೇಡಂ, ಗಾಡಿ ಹೂತ್ಕೊಳ್ತದೆ,” ಎಂದ ಆಟೋದವನು. ಇಳಿದು ನಡೆದೆ. ಗುಂಡಿಗೆ ಅಡ್ಡ ಹಾಸಿದ್ದ ಹಲಗೆಗಳ ಮೇಲೆ ಕಾಲಿಟ್ಟು ದಾಟಿದೆ.

ಮೂರು ಅಂತಸ್ತಿನ ಮನೆ. ಮೇಲೆಲ್ಲ ಬಾಡಿಗೆಯವರು, ಕೆಳಗೆ ಇವರು. ಮಗಳು ಗೇಟಿನಲ್ಲೇ ಕಾಯುತ್ತಿದ್ದಳು. ಅಣ್ಣ ವರಾಂಡದಲ್ಲಿ ಕೂತಿದ್ದವರು ನನ್ನನ್ನು ನೋಡಿ ಎದ್ದು ನಿಂತರು. ನೀರು ಕೊಟ್ಟರು. ಆಮೇಲೆ, “ಬಂದಿದ್ದಕ್ಕೆ ಬ್ಯಾಡ ಅನ್ನಕಿಲ್ಲ. ಆದ್ರೆ ಅಪ್ಪಂಗೆ ತೊಂದ್ರೆ ಕೊಡಬ್ಯಾಡಿ,” ಎಂದರು.

ಕೋಣೆಯಲ್ಲಿ ಅಗರಬತ್ತಿಯ ಹೊಗೆ ಕಣ್ಣಿಗೆ ಹತ್ತುವಷ್ಟಿತ್ತು. ದೇವರ ಮನೆ ಪಕ್ಕದಲ್ಲಿರಬೇಕು ಎಂದುಕೊಂಡೆ. ಕಬ್ಬಿಣದ ಮಂಚದ ಮೇಲೆ ಯಜಮಾನರು ಅಂಗಾತ ಮಲಗಿದ್ದರು. ಫೋಟೋದಲ್ಲಿದ್ದ ಮನುಷ್ಯನ ಅರ್ಧ. ಮುಖ ಗೋಡೆಯ ಕಡೆಗೆ. ಏಜೆನ್ಸಿಯಿಂದ ಬಂದ ಅಟೆಂಡರ್, ವಯಸ್ಸಾದವನೇ, ಮೂಲೆಯಲ್ಲಿ ಟವೆಲ್ ಮಡಿಸುತ್ತಿದ್ದ. ಅವನು ಈ ಮನೆಗೆ ಬಂದು ಐದು ದಿನವಾಗಿತ್ತಷ್ಟೆ. ಅವನಿಗೆ ಮುಂಚೆ ನಾಲ್ವರು ಬಂದು ಹೋಗಿದ್ದರು.

“ಯಜಮಾನ್ರೇ,” ಎಂದೆ. “ನನಗೆ ನಿಮ್ಮನ್ನ ಏನೋ ಕೇಳೋದಿದೆ.”

ತಿರುಗಲಿಲ್ಲ. ಅಡುಗೆಮನೆಯಿಂದ ದೊಡ್ಡ ಸ್ಟೀಲ್ ತಟ್ಟೆ ತರಿಸಿದೆ. ಅದರ ಮೇಲೆ ನಾಲ್ಕು ಕಾರ್ಡು ಇಟ್ಟು ಅವರ ಎಡಗೈಯ ಹತ್ತಿರ ಹಿಡಿದೆ. ಅವರು ಕೈ ಬೀಸಿದರು. ತಟ್ಟೆ ಗಣಗಣ ಎನ್ನುತ್ತಾ ಹೋಗಿ ಬಾಗಿಲಿಗೆ ತಾಗಿತು.

“ಬಿಡಿ ಮೇಡಂ,” ಎಂದರು ಅಣ್ಣ.

ನನಗೂ ಬಿಡಬೇಕೆನಿಸಿತು. ಆ ಹಲಗೆಗಳನ್ನು ದಾಟಿ, ಆಟೋ ಹಿಡಿದು, ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಆದರೆ ಕಾರ್ಡುಗಳು ಮಂಚದ ಕೆಳಗೆಲ್ಲ ಚೆದುರಿದ್ದವು, ಆರಿಸಿಕೊಳ್ಳದೆ ಹೋಗುವಂತಿರಲಿಲ್ಲ. ಬಗ್ಗಿ ಒಂದೊಂದೇ ಆರಿಸಿ ಎದ್ದಾಗ ಅವರ ಮುಖ ನನ್ನ ಕಡೆ ತಿರುಗಿತ್ತು. ಇವಳ್ಯಾರು, ಮಂಚದ ಕೆಳಗೇನು ಮಾಡುತ್ತಿದ್ದಾಳೆ ಎಂಬ ಸಾದಾ ಕುತೂಹಲವಿತ್ತು ಆ ಕಣ್ಣಲ್ಲಿ. ಎರಡೇ ಕಾರ್ಡು ಇಟ್ಟೆ. ಒಂದರಲ್ಲಿ ಸೂರ್ಯ, ಒಂದರಲ್ಲಿ ಬಟ್ಟಲು.

“ಸೂರ್ಯ ಎಲ್ಲಿದ್ದಾನೆ, ತೋರ್ಸಿ.”

ತುಂಬಾ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗೈಯ ತೋರುಬೆರಳು ನಿಧಾನಕ್ಕೆ ಬಂದು ಸೂರ್ಯನ ಮೇಲೆ ಕೂತಿತು.

ಬೇರೆರಡು ಇಟ್ಟೆ. “ನಾಯಿ ಯಾವುದರಲ್ಲಿದೆ?” ಬೆರಳು ನಾಯಿಯ ಮೇಲೆ ಬಂತು. “ಹೆಂಗಸು?” ಅದೂ ಸರಿ. ನನ್ನ ಹಿಂದೆ ಮಗಳು ಬಿಕ್ಕಿದಳು. ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಮೂರು ತಿಂಗಳಿಂದ ಮನೆಯವರು ಅವರ ಎದುರಿಗೇ ಮಾತಾಡಿಕೊಂಡಿದ್ದರು, ಟ್ಯೂಬಿನ ಬಗ್ಗೆ, ಶಾಂತಿಯ ಬಗ್ಗೆ, ಎಲ್ಲವನ್ನೂ ಅವರು ಕೇಳಿಸಿಕೊಂಡಿದ್ದರು. ಯಾರೂ ಅವರನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಅಣ್ಣ ಗೋಡೆಗೆ ಒರಗಿದರು.

ಇನ್ನು ನಿಜವಾದದ್ದನ್ನು ಕೇಳಬೇಕಿತ್ತು. ಆರು ಕಾರ್ಡು ಹರಡಿದೆ. ಅದರಲ್ಲಿ ಚಕ್ರವರ್ತಿ ಇದ್ದ, ಸೂರ್ಯನಿದ್ದ, ಕತ್ತಿ ನಾಲ್ಕಿತ್ತು, ಕತ್ತಿ ಹತ್ತೂ ಇತ್ತು. “ಯಜಮಾನ್ರೇ, ನಿಮಗೆ ಏನಾಗ್ತಿದೆ? ನಿಮ್ಮ ಥರ ಇರೋದು ಯಾವುದು?”

ಬೆರಳು ತಟ್ಟೆಯ ಮೇಲೆ ಅಲೆಯಿತು. ಚಕ್ರವರ್ತಿಯನ್ನು ದಾಟಿತು. ಕತ್ತಿ ನಾಲ್ಕರ ಹತ್ತಿರ ನಿಂತು, ಅದನ್ನೂ ದಾಟಿತು. ಕತ್ತಿ ಹತ್ತರ ಮೇಲೆ ಕೂತಿತು. ಬೋರಲು ಬಿದ್ದ ಮನುಷ್ಯ, ಕತ್ತಿನಿಂದ ಸೊಂಟದ ತನಕ ಬೆನ್ನಿಗೆ ನೆಟ್ಟ ಹತ್ತು ಕತ್ತಿಗಳು, ಮೇಲೆ ಕಪ್ಪು ಆಕಾಶ.

“ನೋಡಿದ್ರಾ?” ಅಣ್ಣನ ದನಿ ಒಡೆದಿತ್ತು. “ಸಾಯ್ಬೇಕು ಅಂತವ್ರೆ. ನಾನು ಹೇಳ್ಲಿಲ್ವಾ?”

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಟೆಂಡರ್ ಕೂಡ ಟವೆಲ್ ಬಿಟ್ಟು ನೋಡುತ್ತಿದ್ದ. ಎಲ್ಲರೂ ಈಗ ನನ್ನ ಬಾಯಿ ನೋಡುತ್ತಿದ್ದರು. ಕತ್ತಿ ಹತ್ತರ ಅರ್ಥ ನನಗೆ ಬಾಯಿಪಾಠ. ಅಂತ್ಯ. ಇದಕ್ಕಿಂತ ಕೆಟ್ಟದ್ದಿಲ್ಲ, ಇನ್ನು ಮುಗಿಯಿತು. ನನ್ನ ಕೋಣೆಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಇಲ್ಲೂ ವಾಕ್ಯ ಸಿದ್ಧವಾಗಿ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿಬಿಟ್ಟರೆ ಆ ಮನೆಯಲ್ಲಿ ಎಲ್ಲವೂ ತೀರ್ಮಾನವಾಗಿಬಿಡುತ್ತಿತ್ತು. ನನಗೆ ನನ್ನದೇ ಬಾಯಿಯ ಭಯ ಹತ್ತಿತು. ಹಲ್ಲು ಕಚ್ಚಿಕೊಂಡು ತಟ್ಟೆ ನೋಡುತ್ತಾ ನಿಂತೆ.

ಆಗ ಕಂಡಿತು. ಅವರು ಕಾರ್ಡನ್ನು ತೋರಿಸಿ ಸುಮ್ಮನಾಗಿರಲಿಲ್ಲ. ಉಗುರಿನಿಂದ ಒಂದೇ ಜಾಗವನ್ನು ಕೆರೆಯುತ್ತಿದ್ದರು. ಆಕಾಶವನ್ನಲ್ಲ, ತಲೆಯನ್ನಲ್ಲ. ಕೊನೆಯ ಕತ್ತಿ ನೆಟ್ಟಿರುವ ಸೊಂಟದ ಜಾಗವನ್ನು. ಕಾರ್ಡಿನ ಮೆರುಗು ಅಲ್ಲಿ ಎದ್ದುಬರುವಷ್ಟು ಒತ್ತಿ ಒತ್ತಿ ಕೆರೆಯುತ್ತಿದ್ದರು.

ನಾನು ನನ್ನ ಸೊಂಟದ ಹಿಂದೆ ಕೈಯಿಟ್ಟು ತೋರಿಸಿದೆ. “ಇಲ್ಲಿ ನೋವಾ?”

ಅವರ ಗಂಟಲಿನಿಂದ ಒಂದು ಸದ್ದು ಬಂತು. ಅಂಗೈಯಿಂದ ತಟ್ಟೆಯನ್ನು ಬಡಿದರು. ಒಂದು ಸಲ, ಎರಡು ಸಲ, ಮೂರು ಸಲ. ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು.

“ಅವರನ್ನ ಮಗ್ಗುಲಿಗೆ ತಿರುಗಿಸಿ,” ಎಂದೆ. “ಬೆನ್ನು ನೋಡ್ಬೇಕು.”

“ಏನಿಲ್ಲ ಮೇಡಂ,” ಎಂದ ಅಟೆಂಡರ್. “ಸ್ವಲ್ಪ ಕೆಂಪಾಗೈತೆ. ಹಿಂದಿನವ್ರು ಪೌಡರ್ ಹಾಕು ಅಂದಿದ್ರು, ಹಾಕ್ತಾ ಇವ್ನಿ.” ಮಾತಾಡುತ್ತಲೇ ಕೈ ಅಗರಬತ್ತಿಯ ಕಡೆ ಹೋಯಿತು. ಆ ಕೋಣೆಯಲ್ಲಿ ಅಷ್ಟೊಂದು ಊದುಬತ್ತಿ ಏಕೆ ಎಂದು ನನಗೆ ಆಗ ಹೊಳೆಯಿತು.

ಅಣ್ಣ ತಂಗಿಗೆ ಹೇಳಿದರು, “ನೀನು ಆಚೆ ಹೋಗು.” ಅದು ಆ ಮನೆಯ ಪದ್ಧತಿ. ಅಪ್ಪನ ಬಟ್ಟೆ ಬದಲಿಸುವಾಗ ಹೆಣ್ಣುಮಕ್ಕಳು ಕೋಣೆಯಲ್ಲಿ ಇರುವಂತಿಲ್ಲ. ಮಗನೂ ಅಪ್ಪನನ್ನು ಹಾಗೆ ನೋಡಬಾರದು ಎಂದು ಕತ್ತು ತಿರುಗಿಸಿಕೊಂಡೇ ಕೈ ಕೊಡುತ್ತಾನೆ. ಮರ್ಯಾದೆಯ ಮನೆ. ಹೀಗಾಗಿ ಮೂರು ತಿಂಗಳಿಂದ ಆ ಬೆನ್ನನ್ನು ಕಂಡವರು, ಹದಿನೈದು ದಿನ ಇಪ್ಪತ್ತು ದಿನಕ್ಕೊಮ್ಮೆ ಬದಲಾಗುವ ಆಳುಗಳು ಮಾತ್ರ.

“ನಾನು ಹೋಗಲ್ಲ,” ಎಂದಳು ಮಗಳು. “ನೀನೂ ಕಣ್ ಬಿಟ್ ನೋಡಣ್ಣ ಇವತ್ತು.”

ಅಣ್ಣ ಮುಂದಿನಿಂದ ಹಿಡಿದು ತಿರುಗಿಸಿದರು. ನಾನು ಬಾಗಿಲಿಗೆ ಸರಿದು ನಿಂತೆ. ನನಗೆ ಅಷ್ಟು ದೂರದಿಂದ ಕಂಡದ್ದು ಸಾಕು. ಬೆನ್ನುಮೂಳೆ ಮುಗಿಯುವಲ್ಲಿ ಅಂಗೈಯಗಲ ಕಪ್ಪಗಾಗಿತ್ತು. ನಡುವೆ ನಿಂಬೆಹಣ್ಣು ಹಿಡಿಯುವಷ್ಟು ಗುಳಿ. ಮೇಲೆ ಪೌಡರ್ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅಗರಬತ್ತಿಯನ್ನು ಮೀರಿ ವಾಸನೆ ಬಂತು. ಮಗಳು ದಿನಾ ದಿಂಬು ಕೊಟ್ಟು ಕೂರಿಸುತ್ತಿದ್ದದ್ದು ಆ ಹುಣ್ಣಿನ ಮೇಲೆ. ಉಳಿದವರು ಅವರನ್ನು ಮಲಗಿಸಿದಂತೆಯೇ ನಾಲ್ಕು ಚಮಚ ಸುರಿದು ಏಳುತ್ತಿದ್ದರು. ಸರಿಯಾದದ್ದನ್ನು ಮಾಡುತ್ತಿದ್ದವಳು ಅವಳೊಬ್ಬಳೇ. ಅದಕ್ಕೇ ಅವಳನ್ನು ಕಂಡರೆ ಕೂಗುತ್ತಿದ್ದರು.

ಅಣ್ಣ ಅಪ್ಪನನ್ನು ಮಗ್ಗುಲಿಗೇ ಒರಗಿಸಿ, ಹಾಗೇ ನೆಲದ ಮೇಲೆ ಕುಸಿದು ಕೂತರು. “ನಾನು ನೋಡ್ಲೇ ಇಲ್ಲ,” ಎಂದರು. “ನಾನು ನೋಡ್ಲೇ ಇಲ್ವಲ್ಲ.”

ಆಂಬ್ಯುಲೆನ್ಸ್ ಅಗೆದ ರಸ್ತೆಯ ಆಚೆಗೇ ನಿಂತಿತು. ಬಾಡಿಗೆ ಮನೆಯ ನಾಲ್ವರು ಗಂಡಸರು ಇಳಿದು ಬಂದರು. ದಪ್ಪ ಜಮಖಾನದ ಮೇಲೆ ಯಜಮಾನರನ್ನು ಮಗ್ಗುಲಾಗಿ ಮಲಗಿಸಿ, ಹಲಗೆಗಳ ಮೇಲೆ ಒಬ್ಬೊಬ್ಬರೇ ಹೆಜ್ಜೆಯಿಟ್ಟು ದಾಟಿಸಿದರು. ನಾನು ಹಿಂದಿನಿಂದ ಹೊತ್ತವರ ಚಪ್ಪಲಿ, ಆಸ್ಪತ್ರೆಯ ಫೈಲು, ನನ್ನ ಕಾರ್ಡಿನ ಚೀಲ ಎಲ್ಲವನ್ನೂ ಹಿಡಿದು ನಡೆದೆ. ಹಲಗೆ ಜಾರಿದಾಗೆಲ್ಲ ನನ್ನ ಬಾಯಿಂದ ದೇವರ ಹೆಸರು ಹೊರಡುತ್ತಿತ್ತು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬಳು ನೋಡಿದಳು. ಹಾಸಿಗೆ ಹುಣ್ಣು ಮೂಳೆಯ ತನಕ ಹೋಗಿದೆ, ನಂಜು ರಕ್ತಕ್ಕೆ ಸೇರಿದೆ, ಏನೂ ಹೇಳುವ ಹಾಗಿಲ್ಲ ಎಂದಳು. ಊಟ ಬಿಟ್ಟದ್ದೂ, ಜ್ವರವೂ ಅದರಿಂದಲೇ ಇರಬೇಕು ಎಂದಳು. ಆಮೇಲೆ ಫೈಲಿನಿಂದ ತಲೆಯೆತ್ತಿ ಕೇಳಿದಳು, “ಅಡ್ಮಿಟ್ ಮಾಡಿ ಅಂತ ಮೊದ್ಲೇ ಹೇಳಿದ್ದಾರಂತೆ. ಯಾಕೆ ಕರ್ಕೊಂಡು ಬರ್ಲಿಲ್ಲ?”

ಅಣ್ಣ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನೆಲದ ಮೇಲಿನ ಬಿಳಿ ಟೈಲಿನಲ್ಲಿ ಒಂದು ಬಿರುಕಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ನಾನೇ ಹೇಳಬೇಕಿತ್ತು.

“ಗೊತ್ತಾಗ್ಲಿಲ್ಲ ಮೇಡಂ,” ಎಂದರು ಅವರು ಡಾಕ್ಟರಿಗೆ. “ನಮಗೆ ಗೊತ್ತಾಗ್ಲಿಲ್ಲ.”

ಆ ‘ನಮಗೆ’ಯೊಳಗೆ ಅವರು ನನ್ನನ್ನೂ ಸೇರಿಸಿಕೊಂಡು ಕಾಪಾಡಿದರು. ಅವತ್ತಿನಷ್ಟು ನಾಚಿಕೆ ನನಗೆ ಬದುಕಿನಲ್ಲಿ ಆಗಿಲ್ಲ. ಹೊರಗೆ ಕಾರಿಡಾರಿನಲ್ಲಿ ಅವರ ಹತ್ತಿರ ಹೋಗಿ, ಬಿಟ್ಟುಬಿಡಿ ಎನ್ನುವ ಮಾತು ಕಾರ್ಡಿನದಲ್ಲ, ನನ್ನದು ಎಂದು ಹೇಳಿದೆ. ಅವರು ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಹನ್ನೊಂದು ದಿನ ಅವರು ಆಸ್ಪತ್ರೆಯಲ್ಲಿದ್ದರು. ಕೊಳೆತದ್ದನ್ನು ಎರಡು ಸಲ ಕತ್ತರಿಸಿ ತೆಗೆದರು. ಆ ಹನ್ನೊಂದು ದಿನವೂ ಫೋನ್ ಬಡಿದುಕೊಂಡಾಗಲೆಲ್ಲ ನಾನು ಮೊದಲು ಕೂತುಕೊಂಡು ಆಮೇಲೆ ಎತ್ತುತ್ತಿದ್ದೆ. ಕೆಲಸ ನಿಲ್ಲಿಸಿರಲಿಲ್ಲ, ಆದರೆ ‘ಅವರ ಮನಸ್ಸಲ್ಲಿ ಏನಿದೆ’ ಎಂದವರನ್ನು ‘ನೀವು ಕೇಳಿದ್ರಾ ಅವರನ್ನ?’ ಎಂದು ತಿರುಗಿಸಿ ಕೇಳತೊಡಗಿದೆ. ಕೆಲವರು ಸಿಟ್ಟು ಮಾಡಿಕೊಂಡು ಎದ್ದುಹೋದರು.

ಯಜಮಾನರು ಮನೆಗೆ ಬಂದರು. ಗಾಳಿ ತುಂಬುವ ಹಾಸಿಗೆ ಬಂತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸವನ್ನು ಅಣ್ಣ ತಂಗಿ ಹಂಚಿಕೊಂಡರು, ಮನೆಯ ಪದ್ಧತಿಯನ್ನು ಅಟ್ಟಕ್ಕೆ ಹಾಕಿದರು. ಒಂದು ದಿನ ಮಗಳು ನನ್ನ ಕೋಣೆಗೆ ಬಂದು ಬಾಳೆಹಣ್ಣು ಇಟ್ಟಳು.

“ಈಗ ನಾನು ಕೊಟ್ರೆ ತಿಂತಾರೆ ಅಕ್ಕ. ಕೂಗಲ್ಲ. ಹಾಗಂತ ನಗ್ತಾನೂ ಇಲ್ಲ. ಮೊದ್ಲೂ ನಗ್ತಿರ್ಲಿಲ್ಲ ಬಿಡಿ.” ಮತ್ತೆ ಹೇಳಿದಳು, “ಮೊದಲ್ನೇ ದಿನ ನೀವು ನಂಗೆ ತೆಗೆದ ಕೊನೇ ಕಾರ್ಡೂ ಸುಳ್ಳಲ್ಲ ಅಲ್ವಾ? ಮಲಗಿರೋನ ಕೆಳಗೆ ಒಂದು ಕತ್ತಿ ಇತ್ತು. ಬೆನ್ನ ಕೆಳಗೇನೇ. ನಾನು ನಮ್ಮ ಬೀದಿಯವರಿಗೆಲ್ಲ ಹೇಳಿದ್ದೀನಿ.”

ಆ ಕತ್ತಿಯನ್ನು ನಾನು ಸಾವಿರ ಸಲ ಕಂಡಿದ್ದೆ. ಅವತ್ತು ಅವಳೆದುರೂ ಕಂಡಿದ್ದೆ, ದಾಟಿಕೊಂಡು ಹೋಗಿದ್ದೆ. ಈಗ ‘ಹೌದಮ್ಮ’ ಎಂದರೆ ನನ್ನ ತಪ್ಪು ಮಹಿಮೆಯಾಗಿಬಿಡುತ್ತಿತ್ತು. “ಇಲ್ಲ ಕಣಮ್ಮ, ನನಗೆ ಗೊತ್ತಿರ್ಲಿಲ್ಲ. ಯಾರಿಗೂ ಹಾಗೆ ಹೇಳ್ಬೇಡ,” ಎಂದೆ. ಅಷ್ಟರಲ್ಲಿ ಮಾತು ಹರಡಿಯಾಗಿತ್ತು. ಹೇರೋಹಳ್ಳಿಯಿಂದ, ಉಲ್ಲಾಳದಿಂದ, ಹಾಸಿಗೆ ಹಿಡಿದವರ ಫೋಟೋ ಹಿಡಿದು ಜನ ಬರತೊಡಗಿದರು. ನಾನು ಕಾರ್ಡು ಮುಟ್ಟುತ್ತಿರಲಿಲ್ಲ. “ಬೆನ್ನು ನೋಡಿದ್ರಾ? ಹಿಮ್ಮಡಿ ನೋಡಿದ್ರಾ? ಮೊದಲು ಡಾಕ್ಟರಿಗೆ ತೋರ್ಸಿ,” ಎಂದು ಕಳಿಸುತ್ತಿದ್ದೆ. ಅದನ್ನೂ ಅವರು ದೈವವಾಣಿಯಂತೆ ಕೇಳಿಸಿಕೊಂಡು ಕೈಮುಗಿಯುತ್ತಿದ್ದರು. ಅದು ನನ್ನನ್ನು ಇನ್ನಷ್ಟು ಹೆದರಿಸುತ್ತಿತ್ತು.

ಯಜಮಾನರು ಐದು ತಿಂಗಳು ಬದುಕಿದರು. ಕೊನೆಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಹುಣ್ಣು ಅಷ್ಟರಲ್ಲಿ ಬಹುಪಾಲು ಮಾಗಿತ್ತು ಎಂದು ಮಗಳು ಹೇಳಿದಳು.

ತಿಥಿಯೆಲ್ಲ ಮುಗಿದು ಕೆಲವು ವಾರಗಳ ಮೇಲೆ ಅಣ್ಣ ಬಂದರು, ಒಬ್ಬರೇ. ಕೇಶಮುಂಡನ ಮಾಡಿಸಿದ್ದ ತಲೆಯಲ್ಲಿ ಕೂದಲು ಚಿಗುರುತ್ತಿತ್ತು. ಎಲ್ಲರೂ ಕೂರುವ ಕುರ್ಚಿಯಲ್ಲಿ ಕೂತು, ಎಲ್ಲರೂ ಕೇಳುವುದನ್ನೇ ಕೇಳಿದರು.

“ನಮ್ಮಪ್ಪನ ಮನಸ್ಸಲ್ಲಿ ನನ್ನ ಮೇಲೆ ಏನಿತ್ತು, ಹೇಳಿ ಮೇಡಂ. ಕಾರ್ಡು ಹಾಕಿ.”

“ನಾನು ಹಾಕಲ್ಲ ಸಾರ್.”

“ತಂಗಿಗೆ ಹಾಕಿದ್ರಿ.”

“ಅದಕ್ಕೇ ಹಾಕಲ್ಲ.”

ಅವರು ಎದ್ದುಹೋಗಲಿಲ್ಲ. ಮೊಣಕಾಲ ಮೇಲೆ ಕೈಯೂರಿ ಕೂತೇ ಇದ್ದರು. ನಾನು ಕಟ್ಟನ್ನು ಡ್ರಾಯರಿನಲ್ಲಿಟ್ಟೆ. ಕಾರ್ಡಿಲ್ಲದೆ ನನ್ನ ಹತ್ತಿರ ಏನಿತ್ತು? ಅವತ್ತು ಬಾಗಿಲಲ್ಲಿ ನಿಂತು ಕಂಡದ್ದಿತ್ತು.

“ನೀವು ತಿರುಗಿಸ್ದಾಗ,” ಎಂದೆ, “ಅವರು ಎಡಗೈಯಲ್ಲಿ ನಿಮ್ಮ ಶರ್ಟು ಹಿಡ್ಕೊಂಡಿದ್ರು. ಎದೆಯ ಹತ್ರ. ಬೆನ್ನು ನೋಡಿ ಮುಗಿಯೋ ತನಕ ಬಿಡ್ಲಿಲ್ಲ. ನಾನು ಕಂಡಿದ್ದು ಅಷ್ಟೇ.”

ಅವರು ನನ್ನನ್ನೇ ನೋಡಿದರು. “ಹೂಂ. ಒಂದು ಗುಂಡಿ ಕಿತ್ತು ಬಂದಿತ್ತು,” ಎಂದರು. “ದಿನಾ ಅದ್ನೇ ಯೋಚ್ನೆ ಮಾಡ್ತೀನಿ. ಅದು ಹಿಡ್ಕೊಂಡಿದ್ದಾ ಮೇಡಂ? ಇಲ್ಲಾ ನನ್ನ ದೂಡ್ತಾ ಇದ್ರಾ?”

‘ಹಿಡ್ಕೊಂಡಿದ್ದೇ’ ಎನ್ನಬಹುದಿತ್ತು. ಒಂದು ಶಬ್ದ. ಅವರು ಅದಕ್ಕಾಗಿಯೇ ಹೇರೋಹಳ್ಳಿಯಿಂದ ಬಂದಿದ್ದರು. ನನಗೆ ಹೇಳಲು ಭಯವಾಯಿತು, ಹೇಳದಿರಲೂ ಭಯವಾಯಿತು.

“ಗೊತ್ತಿಲ್ಲ ಸಾರ್,” ಎಂದೆ. “ಅವರಿಗೆ ನೋವಿತ್ತು. ನೀವು ಹತ್ರ ಇದ್ರಿ.”

ಅವರು ಅಂಗಿಯ ಎದೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

“ಇದ್ದೆ,” ಎಂದರು. “ಅವತ್ತು ಹತ್ರಾನೇ ಇದ್ದೆ.”